ಈಸ್ಟರ್ನ್ ಸ್ಟೇಟ್ ಸೆರೆಮನೆ: ಹಗಲಿನಲ್ಲಿ ನೋಡಬೇಕಾದ ಜಾಗ

ಅಮೆರಿಕದಲ್ಲಿ ದೆವ್ವದ ಕಾಟವಿದೆಯೆಂದು ಹೆಸರಾದ ಜಾಗಗಳ ಮಾತು ಬಂದಾಗಲೆಲ್ಲ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿಯ ಹೆಸರು ಕೇಳಿಬರುತ್ತದೆ. ಇಲ್ಲಿಗೆ ಹೋಗುವವರು ಹಗಲಿನಲ್ಲೇ ಹೋಗಬೇಕು, ಜೊತೆಗೆ ಬಂದವರಿಂದ ಸ್ವಲ್ಪ ಹೊತ್ತಾದರೂ ಬೇರೆಯಾಗಿ ನಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಸ್ತುಶಿಲ್ಪಿ ಜಾನ್ ಹ್ಯಾವಿಲ್ಯಾಂಡ್ ರೂಪಿಸಿದ ಈ ಸೆರೆಮನೆ 1829ರಲ್ಲಿ ತೆರೆದು 1971ರಲ್ಲಿ ಮುಚ್ಚಿತು. ಚಕ್ರದ ಕಡ್ಡಿಗಳಂತೆ ನಡುವಿನಿಂದ ಹೊರಡುವ ಸಾಲುಕೋಣೆಗಳ ಈ ನಕ್ಷೆಯನ್ನು ಮುಂದೆ ಜಗತ್ತಿನ ಎಷ್ಟೋ ಸೆರೆಮನೆಗಳು ಅನುಸರಿಸಿದವು. ಮನುಷ್ಯನನ್ನು ಒಂಟಿಯಾಗಿಟ್ಟರೆ ಅವನು ಪಶ್ಚಾತ್ತಾಪದಿಂದ ತಿದ್ದಿಕೊಳ್ಳುತ್ತಾನೆ ಎಂದು ಪ್ರಾಮಾಣಿಕವಾಗಿ ನಂಬಿದವರು ಕಟ್ಟಿಸಿದ ಜಾಗವಿದು. ಕೋಣೆಯಿಂದ ಹೊರಗೆ ಕರೆತರುವಾಗ ಕೈದಿಯ ಮುಖಕ್ಕೆ ಮುಸುಕು ಹಾಕುತ್ತಿದ್ದರು. ಇಲ್ಲಿಗೆ ಬಂದ ಮೊದಲ ಕೈದಿ ಚಾರ್ಲ್ಸ್ ವಿಲಿಯಮ್ಸ್‌ಗೆ ಕಳ್ಳತನಕ್ಕಾಗಿ ವಿಧಿಸಿದ್ದು ಎರಡು ವರ್ಷ. ಒಳಗೆ ಬಿಡುವ ಕೋಣೆಯೊಂದರಲ್ಲಿ ನಿಂತು, ಸುಣ್ಣ ಚಕ್ಕೆಚಕ್ಕೆಯಾಗಿ ಉದುರಿದ ಕಮಾನು ಚಾವಣಿಯ ನಡುವಿನ ಕಿರುಗಿಂಡಿಯಿಂದ ಇಳಿಯುವ ಬೆಳಕು ಗೋಡೆಯ ಮೇಲೆ ಸರಿಯುವುದನ್ನು ಹತ್ತು ನಿಮಿಷ ನೋಡಿದಾಗ ಆ ಎರಡು ವರ್ಷ ಎಷ್ಟು ದೀರ್ಘವೆಂಬುದು ನನಗೆ ಮೈಯಲ್ಲೇ ತಿಳಿಯಿತು. 1842ರಲ್ಲಿ ಇಲ್ಲಿಗೆ ಬಂದಿದ್ದ ಚಾರ್ಲ್ಸ್ ಡಿಕನ್ಸ್ ಈ ಒಂಟಿಸೆರೆಯ ಪದ್ಧತಿಯನ್ನು ಕಟುವಾಗಿ ಖಂಡಿಸಿದ್ದರು. ಆದರೂ ಅದನ್ನು ಅಧಿಕೃತವಾಗಿ ಕೈಬಿಟ್ಟದ್ದು 1913ರಲ್ಲಿ.

ಇಲ್ಲಿನ ಆಡಿಯೊ ಟೂರ್ ನಾನು ಕೇಳಿದವುಗಳಲ್ಲೆಲ್ಲ ಅತ್ಯುತ್ತಮವಾದದ್ದು. ನಟ ಸ್ಟೀವ್ ಬುಸೆಮಿಯ ನಿರೂಪಣೆಯ ನಡುವೆ ಹಿಂದಿನ ಕಾವಲುಗಾರರೂ ಕೈದಿಗಳೂ ತಮ್ಮದೇ ದನಿಯಲ್ಲಿ ಮಾತನಾಡುತ್ತಾರೆ. ಆ ದನಿಗಳು ಕಿವಿಯಲ್ಲಿರುವಾಗ ಎದುರಿಗಿನ ತುಕ್ಕು ಹಿಡಿದ ಮಂಚ ಬರಿಯ ಪಳೆಯುಳಿಕೆಯಾಗಿ ಉಳಿಯುವುದಿಲ್ಲ.

ಕುಖ್ಯಾತ ಗ್ಯಾಂಗ್‌ಸ್ಟರ್ ಆಲ್ ಕಪೋನ್ ಇದ್ದ ಕೋಣೆಯ ಮುಂದೆ ಜನ ಹೆಚ್ಚು ಸೇರುತ್ತಾರೆ, ಅಲ್ಲಿ ತಡೆಯಬೇಕಾಗಿಲ್ಲ. ಪಿಸುಮಾತು, ಚಲಿಸುವ ನೆರಳುಗಳ ಕಥೆಗಳು ಹೆಚ್ಚಾಗಿ ಹನ್ನೆರಡನೆಯ ಕೋಣೆಸಾಲಿನ ಸುತ್ತ ಹುಟ್ಟಿಕೊಂಡಿವೆ. ನನಗೆ ಅಲ್ಲಿ ಕೇಳಿಸಿದ್ದು ಗಾಳಿ ಮತ್ತು ಪಾರಿವಾಳದ ರೆಕ್ಕೆಯ ಸದ್ದು. ಹ್ಯಾಲೋವೀನ್ ಸಮಯದ ರಾತ್ರಿ ಪ್ರದರ್ಶನಗಳ ಹಣ ಈ ಶಿಥಿಲ ಕಟ್ಟಡದ ರಕ್ಷಣೆಗೆ ನೆರವಾಗುವುದರಿಂದ ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಆ ಗದ್ದಲದಲ್ಲಿ ಈ ಜಾಗದ ಮೌನ ಕೇಳಿಸುವುದು ಸಾಧ್ಯವಿಲ್ಲ.

ಹೊರಡುವ ಮೊದಲು ಅಂಗಳದಲ್ಲಿರುವ 16 ಅಡಿ ಎತ್ತರದ ಉಕ್ಕಿನ ಗ್ರಾಫ್‌ನ ಮುಂದೆ ನಿಲ್ಲಿ. ಅಮೆರಿಕದಲ್ಲಿ ಸೆರೆಯಲ್ಲಿರುವವರ ಪ್ರಮಾಣ 1900ರಿಂದೀಚೆಗೆ ಹೇಗೆ ಏರಿತೆಂಬುದನ್ನು ತೋರಿಸುವ ಅದರ ಕೊನೆಯ ಕಂಬಗಳನ್ನು ನೋಡಲು ತಲೆ ಎತ್ತಬೇಕಾಗುತ್ತದೆ. ಹೆಚ್ಚಿನ ಕಟ್ಟಡಗಳಲ್ಲಿ ಬಿಸಿಯ ವ್ಯವಸ್ಥೆಯಿಲ್ಲ. ಚಳಿಗಾಲದಲ್ಲಿ ದಪ್ಪ ಕೋಟು ಧರಿಸಿ ಹೋಗಿ, ಮೂರು ಗಂಟೆಯಾದರೂ ಬಿಡುವಿಟ್ಟುಕೊಳ್ಳಿ.