ಅಭಿಪ್ರಾಯ ಕೇಳಿದರು, ಅರ್ಜಿ ತೆಗೆದುಕೊಳ್ಳಲೇ ಇಲ್ಲ: ಇಂಗ್ಲೆಂಡ್‌ನಲ್ಲಿರುವ ಅಪ್ಪ ಅಮ್ಮಂದಿರೇ, ಹುಷಾರು

ವಿಶೇಷ ಅಗತ್ಯವಿರುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿದೆ. ಆದರೆ ಸುಮ್ಮನಿದ್ದರೆ ಇನ್ನೊಬ್ಬರಿಗೂ ಇದೇ ಮಾಡುತ್ತಾರೆ.

ಮಗನಿಗೆ ಇಎಚ್‌ಸಿ ಪ್ಲಾನ್ (ಮಗುವಿಗೆ ಯಾವ ನೆರವು ಕೊಡಲೇಬೇಕು ಅಂತ ಕೌನ್ಸಿಲ್ ಬರೆದುಕೊಡುವ ಕಾನೂನುಬದ್ಧ ದಾಖಲೆ) ಬೇಕು ಅಂತ ಶಾಲೆಯ ಸೆನ್ಕೋ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಹತ್ತಿರ ಕೇಳಿದೆ. "ಇನ್ನೊಂದೆರಡು ಟರ್ಮ್ ನೋಡೋಣ" ಅಂದರು. ಎಲ್ಲರಿಗೂ ಹೇಳುವುದೇ ಅದು, ಗೊತ್ತಲ್ವಾ? ಸರಿ, ನೇರವಾಗಿ ಕೌನ್ಸಿಲ್‌ಗೇ (ಇಲ್ಲಿನ ಸ್ಥಳೀಯ ಆಡಳಿತ) ಫೋನ್ ಮಾಡಿದೆ. ಎತ್ತಿದವರ ಮಾತು ಬೆಣ್ಣೆ. "ನಮ್ಮ ಸೇವೆಗಳನ್ನು ಸುಧಾರಿಸುತ್ತಿದ್ದೇವೆ. ಪೋಷಕರ ಮೀಟಿಂಗ್ ಇದೆ, ಬನ್ನಿ. ಮಗನ ವಿಷಯ ಅಲ್ಲೇ ಹೇಳಿ" ಅಂದರು. ಅಲ್ಲೇ ಹೇಳಿ ಅಂದರೆ ಯಾರಾದರೂ ಏನಂದುಕೊಳ್ಳುತ್ತಾರೆ? ಕೇಸ್ ಅಲ್ಲೇ ಶುರುವಾಗುತ್ತದೆ ಅಂತ ತಾನೇ?

ಹೋದೆ. ಟೀ, ಬಿಸ್ಕತ್ತು, ಗೋಡೆ ತುಂಬ ಬಣ್ಣದ ಚೀಟಿ. ನಿಮ್ಮ ಮಗುವಿಗೆ ಏನು ಬೇಕೋ ಬರೆದು ಅಂಟಿಸಿ ಅಂದರು. ಬರೆದೆ. ಮಾತು ಸರಿಯಾಗಿ ಬರುತ್ತಿಲ್ಲ, ಸ್ಪೀಚ್ ಥೆರಪಿ ಬೇಕು. ಊಟದ ಹೊತ್ತಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಕೊಳ್ಳುತ್ತಾನೆ, ಜೊತೆಗೆ ಒಬ್ಬರು ಬೇಕು. ಜಾಗ ಸಾಲಲಿಲ್ಲ, ಇನ್ನೊಂದು ಚೀಟಿ ಕೇಳಿ ಇಸಿದುಕೊಂಡೆ. ಹೇಳುತ್ತಾ ಹೇಳುತ್ತಾ ಗುರುತಿಲ್ಲದವರ ಮುಂದೆ ಅತ್ತೂಬಿಟ್ಟೆ. ಅವರು ತಲೆಯಾಡಿಸಿದರು, ಟಿಶ್ಯೂ ಕೊಟ್ಟರು, ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು.

ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಅರ್ಜಿ ತಲುಪಿದ 6 ವಾರದೊಳಗೆ ಅಸೆಸ್‌ಮೆಂಟ್ (ಮಗುವಿಗೆ ಏನೇನು ನೆರವು ಬೇಕು ಅನ್ನೋ ಪರಿಶೀಲನೆ) ಮಾಡುತ್ತೇವೋ ಇಲ್ಲವೋ ಅಂತ ಕೌನ್ಸಿಲ್ ತಿಳಿಸಬೇಕು. ಪ್ಲಾನ್ ಕೊಡುವುದಾದರೆ 20 ವಾರದಲ್ಲಿ ಎಲ್ಲ ಮುಗಿದಿರಬೇಕು. ಅದನ್ನೇ ನೆನಪಿಸಿ ಈಮೇಲ್ ಹಾಕಿದೆ. ಬಂದ ಉತ್ತರ ನೋಡಿ: "ನಿಮ್ಮ ಮಗನ ಹೆಸರಿನಲ್ಲಿ ನಮ್ಮಲ್ಲಿ ಯಾವ ಅರ್ಜಿಯೂ ಇಲ್ಲ."

ಹಾಗಾದರೆ ಆ ಮೀಟಿಂಗು? "ಅದು ಸೇವೆ ಸುಧಾರಣೆಗೆ. ನಿಮ್ಮ ಅಭಿಪ್ರಾಯ ತುಂಬಾ ಉಪಯೋಗವಾಯಿತು, ಧನ್ಯವಾದಗಳು." ಧನ್ಯವಾದ ಅಂತೆ! ನಾನು ಸಹಿ ಹಾಕಿದ ಫಾರ್ಮು? ನನ್ನ ಮಾತುಗಳನ್ನು ಅವರು ಬಳಸಿಕೊಳ್ಳಬಹುದು ಅನ್ನೋ ಒಪ್ಪಿಗೆ. ಫೋನ್‌ನಲ್ಲಿ ಅಲ್ಲೇ ಹೇಳಿ ಅಂದಿದ್ದು? "ಆ ಕರೆಯ ದಾಖಲೆ ಸಿಗುತ್ತಿಲ್ಲ." ಜೊತೆಗೆ ಒಂದು ವರದಿ ಕಳಿಸಿದರು. ಅದರಲ್ಲಿ ದೊಡ್ಡ ಅಕ್ಷರದಲ್ಲಿ "ಒಬ್ಬ ಪೋಷಕರ ಮಾತು" ಅಂತ ನನ್ನ ಚೀಟಿಯ ಸಾಲು! ಮೇಜಿನ ಕೆಳಗೆ ಸೇರಿಕೊಳ್ಳುವ ಸಾಲು. ಮೈಯೆಲ್ಲ ಉರಿದುಹೋಯಿತು. ನನ್ನ ಮಗನ ಕಷ್ಟ ಅವರ ವರದಿಗೆ ಅಲಂಕಾರ. ಅವನಿಗೆ ಸಿಕ್ಕಿದ್ದು ಸೊನ್ನೆ.

ಇದರಲ್ಲಿ ಅವರಿಗೆ ಎಷ್ಟು ಲಾಭ ನೋಡಿ. ಅರ್ಜಿ ಇಲ್ಲ, ಹಾಗಾಗಿ ವಾರಗಳ ಲೆಕ್ಕ ಇಲ್ಲ. ಇಲ್ಲ ಅಂದ ಪತ್ರ ಇಲ್ಲ, ಹಾಗಾಗಿ ಅಪೀಲ್ ಹೋಗೋ ದಾರಿಯೂ ಇಲ್ಲ. ಬೇಕಂತಲೇ ಮಾಡಿದರೋ ಏನೋ, ನನಗಂತೂ ಹಾಗೇ ಅನಿಸುತ್ತದೆ.

ಮೀಟಿಂಗ್‌ಗೆ ಬೇಕಾದರೆ ಹೋಗಿ, ಟೀ ಕುಡಿದು ಬನ್ನಿ. ಆದರೆ ಅದಕ್ಕೂ ಮೊದಲು ಅರ್ಜಿ ಹಾಕಿ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆ್ಯಕ್ಟ್ ಪ್ರಕಾರ ಅಸೆಸ್‌ಮೆಂಟ್ ಮಾಡಿ ಅಂತ ನೀವೇ ಕೌನ್ಸಿಲ್‌ಗೆ ಬರೆಯಬಹುದು. ಶಾಲೆಯ ಒಪ್ಪಿಗೆ ಬೇಕಿಲ್ಲ. ಡಾಕ್ಟರ ಡಯಾಗ್ನೋಸಿಸ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಯಾರು ಏನೇ ಹೇಳಲಿ. ಕೌನ್ಸಿಲ್‌ನವರು ಆಗಲ್ಲ ಅನ್ನುವುದಾದರೆ ಪತ್ರದಲ್ಲಿ ಹೇಳಲಿ. ಆ ಪತ್ರ ಕೈಯಲ್ಲಿದ್ದರೆ ಟ್ರಿಬ್ಯುನಲ್‌ಗೆ (ಇಂಥ ಅಪೀಲ್ ಕೇಳುವ ನ್ಯಾಯಮಂಡಳಿ) ಹೋಗಬಹುದು. ಪತ್ರದ ತಾರೀಖಿನಿಂದ 2 ತಿಂಗಳು ಟೈಮ್ ಇರುತ್ತದೆ, ಮೊದಲು ಮೀಡಿಯೇಷನ್ ಸರ್ಟಿಫಿಕೇಟ್ (ಕೌನ್ಸಿಲ್ ಜೊತೆ ರಾಜಿ ಮಾತುಕತೆಯ ಬಗ್ಗೆ ವಿಚಾರಿಸಿದ್ದೀರಿ ಅನ್ನೋ ಪತ್ರ) ತೆಗೆದುಕೊಳ್ಳಬೇಕು. ಗೊಂದಲ ಆದರೆ ನಿಮ್ಮ ಏರಿಯಾದ ಸೆಂಡಿಯಾಸ್‌ನವರನ್ನು (ವಿಶೇಷ ಅಗತ್ಯದ ಮಕ್ಕಳ ಪೋಷಕರಿಗೆ ಸಲಹೆ ಕೊಡುವವರು) ಕೇಳಿ, ದುಡ್ಡು ಕೊಡಬೇಕಾಗಿಲ್ಲ.

ಫೋನ್ ಮಾತ್ರ ನಂಬಬೇಡಿ. ಮಾತಾಡಲೇಬೇಕಾಗಿ ಬಂದರೆ ಅವತ್ತೇ "ನೀವು ಹೀಗೆ ಹೇಳಿದಿರಿ" ಅಂತ ಅವರ ಹೆಸರು ಹಾಕಿ ಈಮೇಲ್ ಕಳಿಸಿ.