ಹಾಯಿದೋಣಿಯ ಶೀಟ್‌ಗೆ ಪಾಲಿಯೆಸ್ಟರಾ, ಡೈನೀಮಾನಾ?

ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಕಲಿಯುವಾಗ ನಾನು ಮೊದಲು ಎಡವಿದ್ದು ಹೆಸರಿನಲ್ಲೇ. ಶೀಟ್ ಅಂದರೆ ಹಾಯಿಯ ಬಟ್ಟೆ ಅಲ್ಲ. ಹಾಯಿಯನ್ನು ಎಳೆದು ಬಿಗಿ ಮಾಡುವ, ಸಡಿಲ ಬಿಡುವ ಹಗ್ಗ.

ಪಾಲಿಯೆಸ್ಟರ್ ಡಬಲ್ ಬ್ರೇಡ್‌ನಲ್ಲಿ ಒಳಗೊಂದು ಹೆಣಿಗೆ, ಹೊರಗೊಂದು ಹೆಣಿಗೆ. ಕೈಗೆ ಮೆತ್ತಗಿರುತ್ತದೆ, ವಿಂಚ್‌ನ (ಹಗ್ಗ ಸುತ್ತಿ, ತಿರುಗಿಸಿ ಎಳೆಯುವ ಸಾಧನ) ಡ್ರಮ್ಮಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ನಮ್ಮ ಬಿಸಿಲನ್ನೂ ತಡೆಯುತ್ತದೆ. ಸ್ವಲ್ಪ ಹಿಗ್ಗುತ್ತದೆ, ನೀರಿಗೆ ಬಿದ್ದರೆ ಮುಳುಗುತ್ತದೆ.

ಡೈನೀಮಾ ಒಂದು ಬಗೆಯ ಪಾಲಿಎಥಿಲೀನ್ ನಾರು, ತೂಕಕ್ಕೆ ತೂಕ ಉಕ್ಕಿಗಿಂತ ಗಟ್ಟಿ. ಹಿಗ್ಗುವುದು ತೀರಾ ಕಡಿಮೆ, ನೀರಲ್ಲಿ ತೇಲುತ್ತದೆ. ಆದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ! ಪಾಲಿಯೆಸ್ಟರ್ ಕರಗಲು 250 ಡಿಗ್ರಿ ದಾಟಬೇಕು, ಇದಕ್ಕೆ ಸುಮಾರು 150 ಸಾಕು. ಭಾರ ಹೊತ್ತ ಹಗ್ಗವನ್ನು ವಿಂಚ್ ಮೇಲೆ ಸರ್ರನೆ ಬಿಟ್ಟರೆ ಹುಟ್ಟುವ ಶಾಖ ಸಣ್ಣದಲ್ಲ. ವಿಂಚ್‌ಗೆ ಡೈನೀಮಾ ಬೇಕೇ ಬೇಕು ಅನ್ನುವವರು ಪಾಲಿಯೆಸ್ಟರ್ ಹೊದಿಕೆ ಇರುವುದನ್ನೇ ತಗೊಳ್ಳಿ. ಬೆಲೆ ಜಾಸ್ತಿ, ಅದು ಬೇರೆ ಮಾತು.

ನೈಲಾನ್ ಬೇಡ. ರಬ್ಬರಿನ ಹಾಗೆ ಹಿಗ್ಗುತ್ತದೆ, ಲಂಗರಿಗೆ ಮಾತ್ರ ಆ ಗುಣವೇ ವರ. ಹಾರ್ಡ್‌ವೇರ್ ಅಂಗಡಿಯ ಹಸಿರು ಪ್ಲಾಸ್ಟಿಕ್ ಹಗ್ಗ ಅಗ್ಗ ಅಂತ ಒಮ್ಮೆ ತಂದಿದ್ದೆ. ಬಿಸಿಲಿಗೆ ಪುಡಿಪುಡಿಯಾಗಿ, ಅಂಗೈ ತುಂಬ ಸಿಬಿರು.

ದಪ್ಪದ ವಿಷಯ. ಡಿಂಗಿ ಅನ್ನುವ ಚಿಕ್ಕ ತೆರೆದ ದೋಣಿಗಳಲ್ಲಿ ಸಾಮಾನ್ಯವಾಗಿ ವಿಂಚೇ ಇರುವುದಿಲ್ಲ, ಕೈಯಲ್ಲೇ ಎಳೆಯಬೇಕು. 6 ಮಿ.ಮೀ. ಹಗ್ಗ ಭಾರ ತಡೆದೀತು, ಅಂಗೈ ತಡೆಯಬೇಕಲ್ವಾ? ಹಿನ್ನೀರಿನ ಡಿಂಗಿಗೆ ನನ್ನ ಆಯ್ಕೆ 8 ಮಿ.ಮೀ. ಪಾಲಿಯೆಸ್ಟರ್. ಸೆಲ್ಫ್ ಟೇಲಿಂಗ್ ವಿಂಚ್ (ಎಳೆದ ಹಗ್ಗವನ್ನು ತಾನೇ ಕಚ್ಚಿ ಹಿಡಿಯುವಂಥದ್ದು) ಇದ್ದರೆ ಅದರ ದವಡೆ ಹಿಡಿಯುವ ದಪ್ಪ ನೋಡಿಕೊಂಡೇ ಕೊಳ್ಳಿ.