ಬಚ್ಚಲ ನೀರಿನ ಶೋಧಕ: ಕೈತೋಟಕ್ಕೆ ಒಪ್ಪುವ ವ್ಯವಸ್ಥೆ
ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಸ್ಥಳೀಯ ಪ್ಲಂಬರ್ ಒಬ್ಬರು ಕಟ್ಟಿಕೊಟ್ಟ ಈ ಶೋಧಕವು ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಜಲ್ಲಿ, ಮರಳಿನ ಪದರಗಳು ಹಾಗೂ ಕಾಬಾಳೆ ಗಿಡಗಳ ಬೇರುಗಳ ನಡುವೆ ಹಾಯಿಸಿ ಬಾಳೆ, ತೆಂಗು, ದಾಸವಾಳಗಳ ಬುಡಕ್ಕೆ ತಲುಪಿಸುತ್ತದೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳೇ ಕೊಳೆಯನ್ನು ಒಡೆಯುತ್ತವೆ; ವಿದ್ಯುತ್ ಬೇಕಿಲ್ಲ. ಕುಡಿಯಲು ಬರುವ ಕಾವೇರಿ ನೀರನ್ನು ಗಿಡಗಳಿಗೆ ಸುರಿಯಬೇಕಾಗಿಲ್ಲವೆಂಬುದೇ ನನಗೆ ದೊಡ್ಡ ಸಮಾಧಾನ. ಆದರೆ ಈ ಬಚ್ಚಲ ನೀರನ್ನು 24 ಗಂಟೆಗಿಂತ ಹೆಚ್ಚು ಕೂಡಿಟ್ಟರೆ ನಾರುತ್ತದೆ, ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗಂತೂ ಹಾಯಿಸಲೇಬಾರದು. ಸೋಡಿಯಂ ಹೆಚ್ಚಿರುವ ಡಿಟರ್ಜೆಂಟ್ ಪುಡಿ ಮಣ್ಣಿನ ರಚನೆಯನ್ನು ಕೆಡಿಸುವುದರಿಂದ ಅಂಟುವಾಳಕಾಯಿ ಬಳಸುವುದು ಲೇಸು. ಕೂದಲು ತಡೆಯುವ ಜಾಲರಿಯನ್ನು ಆಗಾಗ ತೊಳೆಯಬೇಕಾಗುತ್ತದೆ. ಅದನ್ನು ಇನ್ನಷ್ಟು ಮೇಲಕ್ಕೆ ಕೂರಿಸಿದ್ದರೆ ಬಗ್ಗಲಾಗದ ಹಿರಿಯರಿಗೂ ಅನುಕೂಲವಾಗುತ್ತಿತ್ತು.